ಮೊದಲಿನ ಸ್ಥಿತಿ

ತರಬೇತಿಯ ನಾಲ್ಕನೇ ದಿನ, ಚಹಾದ ಬಿಡುವಿಗೆ ಹತ್ತು ನಿಮಿಷ ಇದೆ ಎನ್ನುವಾಗ, ಒಬ್ಬ ಹೆಂಗಸು ತನ್ನ ಗಂಡನನ್ನು ಆಫೀಸಿನ ತಿರುಗು ಕುರ್ಚಿಯಲ್ಲಿ ಕೂರಿಸಿ ತಳ್ಳಿಕೊಂಡು ಸೀದಾ ಸಭಾಂಗಣದೊಳಗೆ ಬಂದಳು. ಗಂಡ ಪ್ಲಂಬರ್. ನೀರಿನ ಟ್ಯಾಂಕಿನ ಏಣಿಯಿಂದ ಬಿದ್ದು ಬಲಗಾಲಿಗೆ ಮಂಡಿಯವರೆಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದ. ಕುರ್ಚಿಯ ಎರಡೂ ಕೈಗಳನ್ನು ಗಟ್ಟಿಯಾಗಿ ಹಿಡಿದಿದ್ದ ಅವನ ಮುಖ ನೋಡಿದರೆ ದಾರಿಯಲ್ಲಿ ಎಷ್ಟು ಇಳಿಜಾರುಗಳಿದ್ದವು ಎಂದು ಗೊತ್ತಾಗುತ್ತಿತ್ತು.

“ಸಿಸ್ಟರ್, ನಿಮ್ಮ ಶೆಡ್ಡಿಗೆ ಬೀಗ ಹಾಕಿದೆ. ಬಾಗಿಲಿಗೆ ಅಡ್ಡಡ್ಡ ಹಳದಿ ಟೇಪು ಬೇರೆ. ಏನೋ ಆಗಬಾರದ್ದು ಆಗಿದೆ ಅಂತ ಪಕ್ಕದ ಮನೆಯವರನ್ನ ಕೇಳ್ಕೊಂಡು ಇಲ್ಲಿಗೇ ಬಂದೆ” ಎಂದಳು ಹೆಂಡತಿ.

ಎರಡನೇ ಸಾಲಿನಲ್ಲಿ ಕೂತಿದ್ದ ಸಿಸ್ಟರ್ ತಲೆ ತಗ್ಗಿಸಿದರು. ಮೂವತ್ತು ವರ್ಷ ಮೂಳೆ ವಾರ್ಡಿನಲ್ಲಿ ನರ್ಸಾಗಿದ್ದು ನಿವೃತ್ತರಾದವರು. ಒಂಬತ್ತು ವರ್ಷದಿಂದ ಜನರ ಅಟ್ಟದಲ್ಲಿ ಬಿದ್ದಿದ್ದ ಊರುಗೋಲು, ವಾಕರ್‌ಗಳನ್ನು ಕೇಳಿ ತಂದು ಮನೆಯ ಶೆಡ್ಡಿನಲ್ಲಿಟ್ಟು, ಸವೆದ ರಬ್ಬರ್ ಬುಡ ಬದಲಿಸಿ, ಬೇಕಾದವರಿಗೆ ಕೊಟ್ಟು, ವಾಸಿಯಾದ ಮೇಲೆ ವಾಪಸು ಪಡೆಯುತ್ತಿದ್ದರು. ಅದಕ್ಕೊಂದು ಹೆಸರೂ ಇರಲಿಲ್ಲ. “ಸಂಸ್ಥೆ ಅಂತ ಮಾಡ್ಕೋ ಅಕ್ಕ. ಹೊಸ ಸಂಸ್ಥೆಗಳಿಗೆ ತರಬೇತಿ ಕೊಟ್ಟು ಎರಡು ವರ್ಷ ಕೈಹಿಡಿದು ನಡೆಸ್ತಾರಂತೆ, ಇಪ್ಪತ್ತು ಗಾಲಿಕುರ್ಚಿನೂ ಕೊಡ್ತಾರಂತೆ” ಎಂದು ತಂಗಿಯೇ ಹೆಸರು ಬರೆಸಿ ಬಂದಿದ್ದಳು. ಮೊದಲ ದಿನವೇ ತರಬೇತುದಾರ ನಿಯಮ ಹೇಳಿದ್ದ. ಕೆಲಸ ಶುರುವಾಗುವ ಮೊದಲು ಲೋಕ ಹೇಗಿತ್ತು ಎಂದು ಅಳೆಯಬೇಕು. ಅದೇ ‘ಮೊದಲಿನ ಸ್ಥಿತಿ’. ಒಂಬತ್ತು ವರ್ಷದ ಕೆಲಸವನ್ನು ಎಲ್ಲೂ ಬರೆದಿಟ್ಟಿಲ್ಲವಾದ್ದರಿಂದ ಅದು ನಡೆದಿಲ್ಲ. ಈಗ ಮೂರು ತಿಂಗಳು ಯಾರಿಗೂ ಏನೂ ಕೊಡಕೂಡದು ಎಂದು ಶೆಡ್ಡಿಗೆ ಹಳದಿ ಟೇಪನ್ನೂ ಅವನೇ ಹಾಕಿಸಿದ್ದ.

ಪ್ಲಾಸ್ಟರ್ ಕಾಲನ್ನು ಕಂಡದ್ದೇ ತರಬೇತುದಾರನ ಮುಖ ಅರಳಿತು. “ಎಲ್ಲರೂ ಗಮನಿಸಿ. ಇವರೇ ಮೊದಲಿನ ಸ್ಥಿತಿ. ಹುಡುಕಿದ್ರೂ ಇಷ್ಟು ಚೆನ್ನಾಗಿರೋದು ಸಿಕ್ತಿರಲಿಲ್ಲ.” ಕೆರೆ ಉಳಿಸುವವರು, ನಾಯಿಮರಿ ಸಾಕುವವರು ಎಲ್ಲ ಪೆನ್ನು ತೆಗೆದರು. “ಊರುಗೋಲು ಇಲ್ಲದೆ ನಿಮ್ಮ ಕಷ್ಟ ಎಷ್ಟಿದೆ ಸಾರ್? ಒಂದರಿಂದ ಐದರೊಳಗೆ ಹೇಳಿ.”

ಪ್ಲಂಬರ್ ಯೋಚಿಸಿದ. “ನನ್ನ ಕಷ್ಟಾನಾ, ಇವಳದ್ದಾ?”

“ಬಹಳ ಒಳ್ಳೆ ಪ್ರಶ್ನೆ” ಎಂದ ತರಬೇತುದಾರ ಬೋರ್ಡಿನ ಮೇಲೆ ಎರಡು ಕಾಲಂ ಎಳೆದ.

“ನಂದು ಮೂರು.”

“ನಂದು ಒಂಬತ್ತು” ಎಂದಳು ಹೆಂಡತಿ. “ಎರಡು ವಾರದಿಂದ ಬಚ್ಚಲಿಗೆ ಹೋಗೋಕೂ ನನ್ನ ಹೆಗಲೇ ಆಗ್ಬೇಕು. ಈ ಕುರ್ಚಿ ನಾನು ಕೆಲಸ ಮಾಡೋ ಜೆರಾಕ್ಸ್ ಅಂಗಡೀದು, ಮೂರು ಗಂಟೆಗೆ ಯಜಮಾನರು ಬಂದು ಕೂತ್ಕೋಬೇಕು.”

“ಐದರ ಮೇಲೆ ಇಲ್ಲಮ್ಮ, ಐದು ಬರ್ಕೊಳ್ತೀನಿ. ಮೂರು ತಿಂಗಳು ಹೀಗೇ ಊರುಗೋಲಿಲ್ಲದೆ ಇದ್ದು, ಆಮೇಲೆ ಇನ್ನೊಂದ್ಸಲ ಬನ್ನಿ.”

“ಅಷ್ಟರಲ್ಲಿ ಕಾಲೇ ವಾಸಿ ಆಗಿರುತ್ತಲ್ಲ ಸಾರ್” ಎಂದಳು ಹೆಂಡತಿ.

ತರಬೇತುದಾರ ಬೋರ್ಡು ಬಿಟ್ಟು ಸಿಸ್ಟರನ್ನು ನೋಡಿದ. “ಇದು ಕಷ್ಟ ಆಯ್ತಲ್ಲ ಮೇಡಂ. ಊರುಗೋಲು ಕೊಡದೆಯೂ ವಾಸಿ ಆಗುತ್ತೆ ಅಂತ ಅಂಕಿಅಂಶ ಹೇಳಿದ್ರೆ, ನಿಮ್ಮ ಸಂಸ್ಥೆ ಯಾಕೆ ಬೇಕು ಅನ್ನೋದಕ್ಕೆ ಆಧಾರವೇ ಉಳಿಯಲ್ಲ.” ಅವನು ಪ್ಲಂಬರ್ ಕಡೆ ತಿರುಗಿ, ನಿಜವಾದ ಕಾಳಜಿಯಿಂದಲೇ ಕೇಳಿದ: “ಸ್ವಲ್ಪ ನಿಧಾನಕ್ಕೆ ವಾಸಿಯಾಗೋ ಹಾಗೆ ಏನಾದ್ರೂ ಆಗುತ್ತಾ?”

ಪ್ಲಂಬರ್ ಯಾರ ಮಾತನ್ನೂ ತೆಗೆದುಹಾಕುವವನಲ್ಲ. “ಡಾಕ್ಟರನ್ನ ಒಂದ್ಮಾತು ಕೇಳಿ ನೋಡ್ತೀನಿ” ಎಂದ.

ಸಿಸ್ಟರ್ ಅಷ್ಟು ಹೊತ್ತೂ ಅವನ ಕಾಲ್ಬೆರಳುಗಳನ್ನೇ ನೋಡುತ್ತಿದ್ದರು. ಜೋತುಬಿದ್ದು ಜೋತುಬಿದ್ದು ಬೆರಳು ಊದಿಕೊಂಡಿದ್ದವು. ಎದ್ದು ಹೋಗಿ, ಅವನ ಮುಂದೆ ಒಂದು ಕುರ್ಚಿ ಎಳೆದು, ತಮ್ಮ ಕೈಚೀಲವನ್ನು ದಿಂಬಿನ ಹಾಗೆ ಇಟ್ಟು ಕಾಲು ಎತ್ತಿಟ್ಟರು. ಪ್ಲಾಸ್ಟಿಕ್ ಹಾಳೆ ಕೂಡ ಬಿಚ್ಚದ ಇಪ್ಪತ್ತು ಹೊಸ ಗಾಲಿಕುರ್ಚಿಗಳು ಕಣ್ಣೆದುರು ಸಾಲಾಗಿ ನಿಂತವು. ಆಸೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಊತ ಸ್ವಲ್ಪ ಇಳಿಯುವವರೆಗೆ ಕಾದು, ಚೀಲ ತೆಗೆದು ಬೀಗದ ಕೈ ಹುಡುಕತೊಡಗಿದರು.

“ಮೇಡಂ, ಟೇಪು ಕಿತ್ರೆ ನೀವು ಕೆಲಸ ಶುರು ಮಾಡಿದ ಹಾಗೆ. ಶುರು ಮಾಡಿದವರು ಆರಂಭದ ಹಂತದ ಸಂಸ್ಥೆ ಆಗಲ್ಲ. ಪಟ್ಟಿಯಿಂದ ತೆಗೀಬೇಕಾಗುತ್ತೆ.”

“ತೆಗೆದುಬಿಡಪ್ಪ” ಎಂದರು ಸಿಸ್ಟರ್. “ಇವರು ಬಿದ್ದಾಗಿದೆ. ನಾನೊಬ್ಬಳು ಇನ್ನೂ ಶುರು ಮಾಡಿಲ್ಲ ಅಂತ ಹೇಗೆ ಕೂತಿರ್ಲಿ?”

ತರಬೇತುದಾರ ಒಳ್ಳೆಯವನೇ. ಪಟ್ಟಿಯಲ್ಲಿ ಅವರ ಹೆಸರಿಗೆ ಗೀಟು ಎಳೆದು ಬಂದು, ಬಾಗಿಲ ಮೆಟ್ಟಿಲು ಇಳಿಸುವಾಗ ಕುರ್ಚಿಯ ಒಂದು ಬದಿ ತಾನೇ ಹಿಡಿದುಕೊಂಡ. ಪ್ಲಂಬರ್‌ಗೆ ಊರುಗೋಲು ಸಿಕ್ಕಿತು, ಮೂರು ಗಂಟೆಯೊಳಗೆ ಕುರ್ಚಿ ಅಂಗಡಿ ಸೇರಿತು. ಇಪ್ಪತ್ತು ಗಾಲಿಕುರ್ಚಿಗಳು, ಪಟ್ಟಿಯಲ್ಲಿ ಮುಂದಿನ ಹೆಸರಾಗಿದ್ದ ನಾಯಿಮರಿಯವರ ಪಾಲಾದವು.

ತಿಂಗಳ ಮೇಲೆ ಸಿಸ್ಟರ್‌ಗೆ ತರಬೇತಿ ಕೇಂದ್ರದಿಂದ ಒಂದು ಕಾಗದ ಬಂತು. ಆರಂಭಕ್ಕೂ ಮುನ್ನವೇ, ಯಾವ ಗೊಂದಲವೂ ಇಲ್ಲದೆ ಮುಕ್ತಾಯಗೊಂಡ ಸಂಸ್ಥೆ ಈ ತಂಡದಲ್ಲಿ ತಮ್ಮದೊಂದೇ. ಆದ್ದರಿಂದ ಮುಂದಿನ ತಂಡಕ್ಕೆ ‘ಸಂಸ್ಥೆಯನ್ನು ಮುಚ್ಚುವ ಬಗೆ’ ಎಂಬ ಪಾಠವನ್ನು ತಾವೇ ಬಂದು ಮಾಡಿಕೊಡಬೇಕು ಎಂದಿತ್ತು.

ಶೆಡ್ಡಿನ ಮುಂದಿನ ಸಾಲು ಗೇಟು ದಾಟಿ ರಸ್ತೆಗೆ ಹೋಗಿತ್ತು. ಸಾಲಿನ ಮೊದಲಲ್ಲಿ ಕೂತಿದ್ದ, ಸೊಂಟದ ಮೂಳೆ ಮುರಿದ ಮೇಷ್ಟ್ರು ಕೇಳಿದರು, “ಏನಂತೆ ಸಿಸ್ಟರ್ ಕಾಗದ?”

“ನಾನು ಮುಚ್ಚಿಬಿಟ್ಟಿದ್ದೀನಂತೆ” ಎಂದು ಸಿಸ್ಟರ್ ವಾಕರಿನ ಗುಂಡಿ ಒತ್ತಿ ಅದರ ಕಾಲನ್ನು ಒಂದು ತೂತು ಮೇಲಕ್ಕೆ ಏರಿಸಿದರು. “ಎದ್ದು ನಿಂತ್ಕೊಳ್ಳಿ ಮೇಷ್ಟ್ರೇ, ಎತ್ತರ ಸರಿಹೋಯ್ತಾ ನೋಡೋಣ.”