ಮೊಳೆಗೆ ನೇತುಹಾಕಿದ ಟೇಪು

ಎದೆಯಲ್ಲಿ ಗಂಟಿದ್ದರೆ ದರ್ಜಿಯ ಟೇಪು ಆ ಜಾಗದಲ್ಲಿ ನೀಲಿಯಾಗುತ್ತದೆ ಎಂಬುದು ಈಗ ಎಲ್ಲರಿಗೂ ಗೊತ್ತು. ಹಾಗಾಗಿಯೇ ಅರಸೀಕೆರೆಯ ಹೆಂಗಸರು ಸರ್ವಮಂಗಳಳ ಅಂಗಡಿಗೆ ಹಳೆಯ ಅಳತೆ ಬ್ಲೌಸ್ ಹಿಡಿದುಕೊಂಡೇ ಬರುತ್ತಿದ್ದರು. ಟೇಪು ಹಿಡಿಸಿಕೊಳ್ಳಲು ಅವರನ್ನು ಒಪ್ಪಿಸಿ ಒಪ್ಪಿಸಿ ಅವಳಿಗೆ ಸಾಕಾಗಿಹೋಗಿತ್ತು.

ಇವತ್ತು ಚೂಡಾಮಣಿ ಟೀಚರ್ ಕೂಡ ಬ್ಲೌಸ್ ತಂದು ಮಿಷನ್ನಿನ ಮೇಲಿಟ್ಟರು.

“ಇದೇ ಅಳತೆಗೆ ಹೊಲಿದುಬಿಡಿ. ನಾದಿನಿ ಮದುವೆ, ಗುರುವಾರಕ್ಕೆ ಬೇಕು.”

“ಇದು ಆರು ವರ್ಷದ ಹಿಂದಿಂದು ಟೀಚರ್. ಆಗಿಂದ ದಪ್ಪ ಆಗಿದೀರ. ಟೇಪು ಹಿಡೀಲೇಬೇಕು.”

“ನೀಲಿ ಬಂದ್ರೆ ಮದುವೆಮನೇಲಿ ಯಾವ ಮುಖ ಇಟ್ಕೊಂಡು ಓಡಾಡ್ಲಿ?”

“ನೀಲಿ ಬಂದಿದ್ದೆಲ್ಲ ಕ್ಯಾನ್ಸರ್ ಅಲ್ಲ. ಆಗಿದ್ರೂ ಬೇಗ ಗೊತ್ತಾದ್ರೆ ವಾಸಿ ಮಾಡೋದು ಸುಲಭ. ಆಸ್ಪತ್ರೇಲಿ ಒಂದ್ಸಲ ತೋರಿಸ್ಬೇಕು ಅಷ್ಟೆ.”

ದಿನಕ್ಕೆ ಹತ್ತು ಸಲ ಹೇಳುವ ಮಾತು, ಗಿಣಿಪಾಠದಂತೆ ಬಾಯಿಂದ ಬಂತು.

ಟೀಚರ್ ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಗೋಡೆಯ ಕಡೆ ನೋಡುತ್ತಿದ್ದರು.

“ಎಲ್ಲಾ ಟೈಲರ್‌ಗಳೂ ಟೇಪನ್ನ ಕೊರಳಿಗೆ ಹಾಕ್ಕೊಂಡಿರ್ತಾರೆ. ನಿಮ್ಮದು ಯಾಕೆ ಯಾವಾಗ್ಲೂ ಮೊಳೇಲೇ ಇರತ್ತೆ?”

ಡ್ರಾಯರಿನ ತಳದಲ್ಲಿ ಸರ್ವಮಂಗಳಳದೂ ಒಂದು ಅಳತೆ ಬ್ಲೌಸ್ ಇತ್ತು. ಅದಕ್ಕೆ ಹದಿನಾಲ್ಕು ವರ್ಷವಾಗಿತ್ತು; ಇವತ್ತಿಗೂ ತನ್ನವನ್ನು ಅದರ ಅಳತೆಗೇ ಹೊಲಿದುಕೊಳ್ಳುತ್ತಿದ್ದಳು. ಅವಳು ಎದ್ದು ಬಾಗಿಲ ಪರದೆ ಎಳೆದಳು. ಮೊಳೆಯಿಂದ ಟೇಪು ತೆಗೆದು ಟೀಚರ್ ಕೈಗೆ ಕೊಟ್ಟಳು.

“ಮೊದಲು ನನಗೆ ಹಿಡೀರಿ. ಆಮೇಲೆ ನಿಮಗೆ.”

ಎಂದವಳೇ ಎರಡೂ ಕೈ ಎತ್ತಿ ನಿಂತಳು. ಕೈ ಎತ್ತುವುದು ಇಷ್ಟು ಭಾರವೆಂದು ಯಾವ ಗಿರಾಕಿಯೂ ಅವಳಿಗೆ ಹೇಳಿರಲಿಲ್ಲ.