ಆಚೆ ದಡದ ಲೆಕ್ಕ

“ಇಪ್ಪತ್ತು ವರ್ಷದಲ್ಲಿ ಮೂವತ್ತು ಕೆರೆಗಳಲ್ಲಿ ಕಾಡುಬಾತು ಅರ್ಧಕ್ಕರ್ಧ ಕಮ್ಮಿಯಾಗಿದೆ ಮೇಷ್ಟ್ರೇ. ನಿಮ್ಮ ಕೆರೇಲಿ ಮಾತ್ರ ಒಂಚೂರೂ ಇಳಿದಿಲ್ಲ!” ದಂಡೆಯ ಕಲ್ಲುಬೆಂಚಿನ ಮೇಲೆ ಗ್ರಾಫ್ ಹರಡಿ ಅರಣ್ಯ ಇಲಾಖೆಯ ಹುಡುಗಿ ಹಿಗ್ಗಿದಳು. ಒಂದು ಕಾಲದಲ್ಲಿ ಮೇಷ್ಟ್ರ ಬಳಿಯೇ ಮಗ್ಗಿ ಕಲಿತವಳು.

ಮೇಷ್ಟ್ರು ಮಂಡಿ ನೀವಿಕೊಂಡರು. ಪ್ರತಿ ಚಳಿಗಾಲ ಇಲ್ಲಿಯ ಬಾತು ಎಣಿಸುವವರು ಅವರೇ. ಈಚೆ ದಡದ್ದು ಬೆಂಚಿನಲ್ಲಿ ಕೂತೇ ಮುಗಿಯುತ್ತದೆ. ಆಚೆ ದಡಕ್ಕಾದರೆ ಕೆಸರಲ್ಲಿ ಎರಡು ಗಂಟೆ ನಡೆಯಬೇಕು. ಮಂಡಿ ಕೈಕೊಟ್ಟ ವರ್ಷ, ಎರಡೂ ಕಡೆ ಹೆಚ್ಚುಕಮ್ಮಿ ಒಂದೇ ತಾನೇ ಎಂದು ಈಚೆಯದನ್ನೇ ಎರಡರಿಂದ ಗುಣಿಸಿ ಬರೆದರು. ಇದೊಂದು ವರ್ಷ ಅಂದುಕೊಂಡಿದ್ದು ಹನ್ನೆರಡಾಯಿತು. ಈಗಂತೂ ಆ ಕಡೆ ದುರ್ಬೀನು ತಿರುಗಿಸಲೂ ಅವರಿಗೆ ನಾಚಿಕೆ.

“ತಮಾಷೆ ನೋಡಿ, ಹನ್ನೆರಡು ವರ್ಷದಿಂದ ನಿಮ್ಮ ಲೆಕ್ಕದಲ್ಲಿ ಒಂದೂ ಬೆಸಸಂಖ್ಯೆ ಇಲ್ಲ.”

“ಜೋಡಿಜೋಡಿಯಾಗೇ ಇರ್ತಾವಲ್ಲಮ್ಮ,” ಎಂದು ಮೇಷ್ಟ್ರು ನಕ್ಕರು. ಆ ನಗು ಅವರಿಗೇ ಹಿಡಿಸಲಿಲ್ಲ.

“ಬಾತು ಇಳಿದಿಲ್ಲ ಅಂತಲೇ ಈ ಕೆರೇನ ರಕ್ಷಣೆ ಪಟ್ಟಿಯಿಂದ ತೆಗೀತಿದ್ದಾರೆ. ಆಚೆ ದಡದಲ್ಲಿ ಗೋದಾಮು ಬರುತ್ತಂತೆ, ನಾಳೆ ಸಹಿ. ಇಷ್ಟೊಂದು ಬಾತು ಇರೋವಾಗ ಏನೂ ಆಗಲ್ಲ ಬಿಡಿ,” ಎನ್ನುತ್ತಾ ಹುಡುಗಿ ದುರ್ಬೀನು ಎತ್ತಿಕೊಂಡಳು. “ಅರೆ, ಆಚೆ ಒಂದೂ ಕಾಣಿಸ್ತಿಲ್ವಲ್ಲ?”

“ಜೊಂಡಿನ ಮರೇಲಿ ಇರ್ತಾವೆ.”

“ಯಾವ ಜೊಂಡು ಮೇಷ್ಟ್ರೇ? ಅಲ್ಲಿರೋದು ಬರೀ ಮಣ್ಣಿನ ರಾಶಿ!”

ದುರ್ಬೀನು ಕೆಳಗಿಳಿಯಿತು. ಅವಳ ಬೆರಳು ಗ್ರಾಫಿನ ಸಂಖ್ಯೆಗಳ ಮೇಲೆ ಒಂದೊಂದಾಗಿ ಸರಿದು ಕೊನೆಯದರಲ್ಲಿ ನಿಂತಿತು. ಮೇಷ್ಟ್ರಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬೈದಿದ್ದರೂ ತಡೆದುಕೊಳ್ಳುತ್ತಿದ್ದರು, ಹುಡುಗಿ ಬೈಯಲಿಲ್ಲ.

“ಮೂರನೇ ಕ್ಲಾಸಲ್ಲಿ ಪಕ್ಕದವಳ ಸ್ಲೇಟು ನೋಡಿ ಬರೆದೆ ಅಂತ ನನ್ನನ್ನ ಬೆಂಚಿನ ಮೇಲೆ ನಿಲ್ಲಿಸಿದ್ರಿ,” ಎಂದಳು, ಅವರ ಮುಖ ನೋಡದೆ. “ಇಡೀ ದಿನ.”

“ಈ ವರ್ಷದ ಹಾಳೆ ಕೊಡಮ್ಮ.”

ಬೆಳಿಗ್ಗೆ ಎಣಿಸಿದ್ದಂತೆ ಈಚೆ ದಡ ನೂರ ಹದಿನೇಳು, ಆಚೆ ದಡ ಸೊನ್ನೆ ಎಂದು ಬರೆದರು. ಕೆಳಗೆ, ಹನ್ನೆರಡು ವರ್ಷ ನಾನು ಆಚೆ ದಡಕ್ಕೆ ಹೋಗೇ ಇಲ್ಲ ಎಂದು ದಪ್ಪಕ್ಷರದಲ್ಲಿ ಬರೆದು ಸಹಿ ಹಾಕಿದರು. ನಾಳೆಯ ಸಹಿಗೆ ಮುಂಚೆ ತಲುಪಿಸು ಎಂದರು. ಆಮೇಲೆ ಎದ್ದು ನಿಂತು ಚಪ್ಪಲಿ ಕಳಚಿ, ಹುಡುಗಿಯ ಕಡೆ ಕೈ ಚಾಚಿದರು.

“ಸ್ವಲ್ಪ ಹಿಡ್ಕೊಳ್ಳಮ್ಮ. ಈ ಮಂಡೀಲಿ ಬೆಂಚು ಹತ್ತೋದು ಕಷ್ಟ.”