ಹಿಂದಿನ ನೆರಿಗೆ

ಘೋದ ಹಿಂದಿನ ನೆರಿಗೆ ಮತ್ತೆ ಜಾರಿತು. ಆ ಉದ್ದನೆಯ ನಿಲುವಂಗಿಯನ್ನು ಮೊಣಕಾಲಿನ ಮಟ್ಟಕ್ಕೆ ಎತ್ತಿ, ಬೆನ್ನ ಹಿಂದೆ ಎರಡು ಮಡಿಕೆ ಕೂಡಿಸಿ, ಥುಕ್ತೆನ್ ನಡುಪಟ್ಟಿಗೆ ಕೈ ಹಾಕುವಷ್ಟರಲ್ಲಿ ಎಡಗಡೆಯದು ಪಾದದ ತನಕ ಇಳಿಬಿತ್ತು. ಆಚೆ ಸಭಾಂಗಣದಲ್ಲಿ ಬೀಳ್ಕೊಡುಗೆಗೆ ಇಡೀ ಶಾಲೆ ಸೇರಿದೆ, ತಮ್ಮೂರು ಲುಂಟ್ಸೆಯ ಬೆಟ್ಟ ಇಳಿದು ಬಂದ ಅಪ್ಪ ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ಭಾಷಣ ಮಾಡಬೇಕಾದ ಶಾಲಾ ಕ್ಯಾಪ್ಟನ್ ಮಾತ್ರ ಖಾಲಿ ಹಾಸ್ಟೆಲಿನಲ್ಲಿ ಬಟ್ಟೆಯ ಜೊತೆ ಕುಸ್ತಿ ಆಡುತ್ತಿದ್ದಾನೆ.

ನಂಬಿದರೆ ನಂಬಿ, ಬಿಟ್ಟರೆ ಬಿಡಿ: ದಿನಾ ಬೆಳಿಗ್ಗೆ ಪ್ರಾರ್ಥನೆಯ ಸಾಲಿನಲ್ಲಿ ಎಲ್ಲರ ಘೋ ಸರಿಯಿದೆಯೇ ಎಂದು ನೋಡುವ ಈ ಹುಡುಗನಿಗೆ ತನ್ನ ಘೋ ತಾನು ಉಟ್ಟುಕೊಳ್ಳಲು ಬರುತ್ತಿರಲಿಲ್ಲ. ಮನೆಯಲ್ಲಿದ್ದಾಗ ಅಮ್ಮ ಉಡಿಸುತ್ತಿದ್ದಳು. ನಾಲ್ಕನೇ ಕ್ಲಾಸಿಗೆ ಇಲ್ಲಿ ಬಂದು ಸೇರಿದ ಮರುದಿನ ಬೆಳಿಗ್ಗೆ ಬಟ್ಟೆ ಹಿಡಿದು ಅಳುತ್ತಾ ನಿಂತಿದ್ದಾಗ, ಪಕ್ಕದ ಮಂಚದ ಯೆಶೆ ಎದ್ದು ಬಂದು, ಪಟ್ಟಿಯ ತುದಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದು ಬಿಗಿಯಾಗಿ ಕಟ್ಟಿದ್ದ. ಅವತ್ತಿನಿಂದ ಹನ್ನೆರಡನೇ ಕ್ಲಾಸಿನ ತನಕ ಅವನೇ. ಜ್ವರ ಬಂದ ದಿನವೂ ಎದ್ದು ಬಂದು ಕಟ್ಟಿ, ಹೋಗಿ ಮತ್ತೆ ಮಲಗುತ್ತಿದ್ದ. ಪುಣ್ಯಾತ್ಮ, ಈ ಗುಟ್ಟನ್ನು ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ.

ಹೋದ ತಿಂಗಳು ಯೆಶೆ ಬೇಲಿ ಹಾರಿ ಕೆಳಗಿನ ಹಳ್ಳಿಗೆ ಬಿಲ್ಲಿನ ಪಂದ್ಯ ನೋಡಲು ಹೋಗಿ ಸಿಕ್ಕಿಬಿದ್ದ. ಸಿಕ್ಕಿದ್ದು ಥುಕ್ತೆನ್ ಕೈಗೇ. ಕ್ಯಾಪ್ಟನ್ ಎಂದಮೇಲೆ ಕ್ಯಾಪ್ಟನ್, ನೇರವಾಗಿ ಪ್ರಿನ್ಸಿಪಾಲರಿಗೆ ಹೆಸರು ಹೇಳಿದ. ಯೆಶೆಯನ್ನು ಶಾಲೆಯ ಬಿಲ್ಲುಗಾರರ ತಂಡದಿಂದ ತೆಗೆದರು, ವರ್ಷವೆಲ್ಲ ಕಾದಿದ್ದ ಕೊನೆಯ ಪಂದ್ಯ ಕೈತಪ್ಪಿತು. ಆದರೂ ಅವನು ಬೆಳಿಗ್ಗೆ ಬರುವುದನ್ನು ನಿಲ್ಲಿಸಲಿಲ್ಲ. ಬರುತ್ತಿದ್ದ, ತುಟಿಪಿಟಕ್ಕೆನ್ನದೆ ಕಟ್ಟುತ್ತಿದ್ದ, ಹೋಗುತ್ತಿದ್ದ. ಇವತ್ತು ಬಂದಿಲ್ಲ. ಪರೀಕ್ಷೆ ಮುಗಿದಿದೆ. ನಾಳೆ ಬಸ್ಸು ಹತ್ತಿದರೆ ಅವನೊಂದು ದಿಕ್ಕು, ಇವನೊಂದು ದಿಕ್ಕು. ಹೀಗೆ ಮಾತಿಲ್ಲದೆ ಅಗಲಿಬಿಡುವುದೇ?

ಹಾಸ್ಟೆಲಿನ ಮೇಟ್ರನ್ ಚೊಯ್ಝಾಮ್ ಬಾಗಿಲಲ್ಲಿ ಇಣುಕಿದಳು. ಜೋತುಬಿದ್ದ ಘೋ ನೋಡಿದಳು, ಹುಡುಗನ ಮುಖ ನೋಡಿದಳು, ದಿನಾ ಬೆಳಿಗ್ಗೆ ಇವರಿಬ್ಬರನ್ನು ಕಾಣುತ್ತಿದ್ದವಳಿಗೆ ಎಲ್ಲ ಅರ್ಥವಾಯಿತು. ತಾನು ಕಟ್ಟುತ್ತೇನೆ ಎನ್ನಲಿಲ್ಲ.

"ಯೆಶೆ ಅಡುಗೆಮನೆ ಹಿಂದೆ ಕೂತಿದಾನೆ. ಕರ್ಕೊಂಡು ಬರೋಕೆ ನಾನೇನು ನಿನ್ನ ಆಳಲ್ಲ. ಕಾಲಿದೆಯಲ್ಲ, ನೀನೇ ಹೋಗು."

ಎರಡೂ ಕೈಯಲ್ಲಿ ಘೋ ಮುದ್ದೆ ಮಾಡಿ ಹಿಡಿದುಕೊಂಡು, ಹಳ್ಳ ದಾಟುವ ಅಜ್ಜಿಯ ಹಾಗೆ, ಥುಕ್ತೆನ್ ಅಂಗಳ ದಾಟಿದ. ಭಾಷಣದಲ್ಲಿ ಹೇಳಬೇಕೆಂದು ಬಾಯಿಪಾಠ ಮಾಡಿದ ಮೊದಲ ವಾಕ್ಯವೇ 'ಈ ಶಾಲೆ ನಮ್ಮನ್ನು ನಮ್ಮ ಕಾಲ ಮೇಲೆ ನಿಲ್ಲಿಸಿತು' ಎಂದು. ಅದನ್ನು ನೆನೆದು ಅವನಿಗೇ ನಾಚಿಕೆಯಾಯಿತು. ಯೆಶೆ ಬಿಸಿಲಿಗೆ ಬೆನ್ನು ಕೊಟ್ಟು ಸೌದೆಯ ರಾಶಿಯ ಮೇಲೆ ಕೂತಿದ್ದ. ತಿರುಗಿ ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿದ.

"ನನ್ನ ಹೆಸರು ಹೇಳೋಕೆ ಬಾಯಿ ಬರುತ್ತೆ, ಪಟ್ಟಿ ಕಟ್ಟೋಕೆ ಕೈ ಬರಲ್ವಾ ಕ್ಯಾಪ್ಟನ್ ಸಾಹೇಬ್ರಿಗೆ?"

"ಬರಲ್ಲ ಕಣೋ."

"ಈಗ ಬಂದಿದ್ದು ನಾನು ಬೇಕು ಅಂತಾನೋ, ನೆರಿಗೆ ಬೇಕು ಅಂತಾನೋ?"

"ಎರಡೂ," ಎಂದ ಥುಕ್ತೆನ್. "ಹೆಸರು ಹೇಳಿದ್ದು ತಪ್ಪು ಅಂತ ಈಗ್ಲೂ ಅನ್ಸಲ್ಲ. ಆದ್ರೆ ಮೊದ್ಲು ನಿನ್ನ ಹತ್ರ ಬಂದು, ಹೇಳ್ತೀನಿ ನೋಡು ಅಂತ ಅನ್ನಬೇಕಿತ್ತು. ಅಷ್ಟು ಧೈರ್ಯ ಬರಲಿಲ್ಲ."

ಯೆಶೆ ಎದ್ದು ಬಂದು ಹಿಂದೆ ನಿಂತ. ಎರಡು ಮಡಿಕೆ ಸರಕ್ಕನೆ ಕೂಡಿದವು, ಪಟ್ಟಿ ನಡುವನ್ನು ಸುತ್ತಿತು. ಇಷ್ಟು ದಿನದ ಸಿಟ್ಟನ್ನೆಲ್ಲ ಸೇರಿಸಿ ಎಳೆದನೋ ಏನೋ, ಥುಕ್ತೆನ್‌ಗೆ ಉಸಿರು ಸಿಕ್ಕಿಕೊಂಡಿತು. ಆದರೂ ಎಷ್ಟು ಹಿತವಾಗಿತ್ತೆಂದರೆ, ಅವನು ಅಲ್ಲಾಡದೆ ನಿಂತ. ಕೊನೆಗೆ ಯೆಶೆ ಬೆನ್ನಿಗೊಂದು ಗುದ್ದು ಕೊಟ್ಟು, ಹೊತ್ತಾಯಿತು ನಡಿ ಎಂದು ತಾನೇ ಮುಂದಾದ.

ಆಗ ಥುಕ್ತೆನ್ ಅವನ ಬೆನ್ನು ನೋಡಿದ. ಅಲ್ಲಿನ ನೆರಿಗೆ ಒಂದು ಮೇಲೆ, ಒಂದು ಕೆಳಗೆ, ಯಾವಾಗಲೂ ಇರುವ ಹಾಗೆ ಸೊಟ್ಟಗಿತ್ತು. ಇದೇ ಸೊಟ್ಟ ನೆರಿಗೆಗಾಗಿ ಎಷ್ಟೋ ಬೆಳಿಗ್ಗೆ ತಾನೇ ಅವನನ್ನು ಸಾಲಿನಿಂದ ಹೊರಗೆ ನಿಲ್ಲಿಸಿದ್ದ. ಅವನಿಗೆ ಅದನ್ನು ಹಿಂದಿನಿಂದ ಹಿಡಿದುಕೊಡುವವರು ಯಾರಿದ್ದಾರೆ ಎಂದು ಒಂದು ದಿನವೂ ಕೇಳಿರಲಿಲ್ಲ.

"ನಿಂತ್ಕೋ," ಎಂದ. ಪಟ್ಟಿ ಸಡಿಲಿಸಿ, ಎರಡು ಮಡಿಕೆಗಳನ್ನೂ ಒಂದು ಸಮಕ್ಕೆ ತಂದು ಎರಡೂ ಕೈಯಲ್ಲಿ ಹಿಡಿದ. ಮುಂದೇನು ಮಾಡಬೇಕೋ ತಿಳಿಯಲಿಲ್ಲ. ಸಭಾಂಗಣದಲ್ಲಿ ಮೈಕು ಅವನ ಹೆಸರು ಕೂಗಿತು, ಮತ್ತೊಮ್ಮೆ ಕೂಗಿತು. ಅವನು ಕೈ ಬಿಡಲಿಲ್ಲ.

ಯೆಶೆ ತಿರುಗದೆಯೇ ಹೇಳಿದ: "ನೀನು ಹಿಡ್ಕೊಂಡಿದ್ರೆ ಸಾಕು ಕಣೋ. ಕಟ್ಕೊಳ್ಳೋದು ನಂಗೆ ಬರುತ್ತೆ."